ಮೇಷ್ಟ್ರೇ, ಒಂದು ಪ್ರಶ್ನೆ: ಈ ಸಲ ಪೂರ್ತಿ ಜಾನಿ ವಿಲ್ಕಿನ್ಸನ್

ಹೋದ ತಿಂಗಳು ಫುಟ್‌ಬಾಲ್ ಪೆನಾಲ್ಟಿ ಬಗ್ಗೆ ಬರೆಯುವಾಗ ಇಂಗ್ಲೆಂಡ್‌ನ ನಿವೃತ್ತ ರಗ್ಬಿ ಆಟಗಾರ ಜಾನಿ ವಿಲ್ಕಿನ್ಸನ್ ಹೆಸರನ್ನು ಒಂದೇ ಸಾಲಿನಲ್ಲಿ ಎತ್ತಿ ಬಿಟ್ಟಿದ್ದೆ. ಒದೆಯುವುದನ್ನು ತಪಸ್ಸಿನ ಹಾಗೆ ಅಭ್ಯಾಸ ಮಾಡಿದವನು ಎಂದಷ್ಟೇ ಬರೆದಿದ್ದು. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. "ಈ ಸಲ ಬೇರೇನೂ ಬೇಡ ಮೇಷ್ಟ್ರೇ, ಇದನ್ನೇ ಬರೆದು ಮುಗಿಸಿ" ಎಂದರು ಸಂಪಾದಕರು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಟಗಾರರನ್ನು ನಾನು ಏಕವಚನದಲ್ಲೇ ಕರೆಯುವುದು. ಭದ್ರಾವತಿಯ ವಿಶ್ವನಾಥನೂ ಅಷ್ಟೇ, ಈ ವಿಲ್ಕಿನ್ಸನ್ನೂ ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ರಗ್ಬಿಯಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ ಅಲ್ವಾ? ಹಾಗಿದ್ದರೆ ಒದೆಯುವವನಿಗೆ ಯಾಕೆ ಇಷ್ಟು ಹೆಸರು? — ಓದುಗರೊಬ್ಬರು, ತುಮಕೂರು

ಒಳ್ಳೆಯ ಪ್ರಶ್ನೆ. ರಗ್ಬಿ ಯೂನಿಯನ್‌ನಲ್ಲಿ ಒಂದು ತಂಡಕ್ಕೆ 15 ಜನ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೇ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 5 ಅಂಕ. ಆಮೇಲೆ ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದು ದಾಟಿಸಿದರೆ ಅದು ಕನ್ವರ್ಷನ್, ಇನ್ನೂ 2. ಎದುರಾಳಿ ತಪ್ಪು ಮಾಡಿ ಪೆನಾಲ್ಟಿ ಸಿಕ್ಕರೆ ಅದನ್ನು ಒದ್ದು 3 ಅಂಕ ತೆಗೆಯಬಹುದು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿದೇಳುವಾಗಲೇ ಒದ್ದು ಕಂಬಗಳ ನಡುವೆ ಕಳಿಸಿದರೆ ಡ್ರಾಪ್ ಗೋಲ್. ಅದಕ್ಕೂ 3.

ದೊಡ್ಡ ಪಂದ್ಯಗಳಲ್ಲಿ ಯಾರೂ ಯಾರನ್ನೂ ಗೆರೆ ದಾಟಲು ಬಿಡುವುದಿಲ್ಲ. ಮೂರು ಮೂರು ಅಂಕವೇ ಕೊನೆಗೆ ಲೆಕ್ಕಕ್ಕೆ ಬರುವುದು. 10ನೇ ನಂಬರ್ ಅಂಗಿಯ ಫ್ಲೈ ಹಾಫ್ ತಂಡದ ಆಟ ನಡೆಸುವವನು, ಸಾಮಾನ್ಯವಾಗಿ ಒದೆಯುವವನೂ ಅವನೇ. ವಿಲ್ಕಿನ್ಸನ್ ಆಡಿದ್ದು ಅಲ್ಲೇ. ಇಂಗ್ಲೆಂಡ್ ಪರ 91 ಪಂದ್ಯ, 1179 ಅಂಕ. ವಿಶ್ವಕಪ್‌ಗಳಲ್ಲೇ 277. ಹೆಸರು ಸುಮ್ನೆ ಬಂದಿದ್ದಲ್ಲ.

ಪ್ರಶ್ನೆ: ನನ್ನ ತಮ್ಮ ಪಿಯುಸಿ ಮುಗಿಸಿದ್ದಾನೆ. ಡಿಗ್ರಿ ಬೇಡ, ಆಟವನ್ನೇ ನೆಚ್ಚಿಕೊಳ್ಳುತ್ತೇನೆ ಅಂತಾನೆ. ನೀವು ಬರೆದ ಆ ರಗ್ಬಿಯವನೂ ಕಾಲೇಜು ಬಿಟ್ಟವನು ಎಂದು ವಾದ ಮಾಡುತ್ತಾನೆ. ನಿಜವೇ? — ಒಬ್ಬ ಅಕ್ಕ, ದಾವಣಗೆರೆ

ಬಿಟ್ಟಿದ್ದಲ್ಲ ತಾಯಿ, ಸೇರಲೇ ಇಲ್ಲ. ಡರಂ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಆದರೆ ನಿಮ್ಮ ತಮ್ಮ ಅರ್ಧ ಕತೆ ಹೇಳಿದ್ದಾನೆ. ಇನ್ನರ್ಧ ಕೇಳಿ.

1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಹವ್ಯಾಸಿಗಳ ಆಟ. ದುಡ್ಡು ತೆಗೆದುಕೊಂಡರೆ ಆಚೆ ಹಾಕುತ್ತಿದ್ದರು. ಡಾಕ್ಟರು, ಪೊಲೀಸರು, ಮೇಷ್ಟ್ರುಗಳು ಕೆಲಸ ಮುಗಿಸಿ ಬಂದು ದೇಶಕ್ಕೆ ಆಡುತ್ತಿದ್ದರು. ಆ ವರ್ಷ ನಿಯಮ ಬದಲಾಯಿತು, ಆಟವೇ ಸಂಬಳದ ಕೆಲಸವಾಯಿತು. ವಿಲ್ಕಿನ್ಸನ್ ಶಾಲೆ ಮುಗಿಸಿದ್ದು 1997ರಲ್ಲಿ. ಹ್ಯಾಂಪ್‌ಶೈರ್‌ನ ಅವನ ಶಾಲೆಯಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದ ಸ್ಟೀವ್ ಬೇಟ್ಸ್ ತಾನೇ ಇಂಗ್ಲೆಂಡ್‌ಗೆ ಆಡಿದ್ದವನು. ನ್ಯೂಕ್ಯಾಸಲ್ ಕ್ಲಬ್‌ಗೆ ಕೋಚಿಂಗ್ ಕೆಲಸಕ್ಕೆ ಹೋದ, ಹುಡುಗನಿಗೂ ದಾರಿ ತೋರಿಸಿದ. ಅಂದರೆ ಹುಡುಗ ಆಟಕ್ಕೆ ಹೋದಾಗ ಕೈಯಲ್ಲಿ ಸಂಬಳದ ಕರಾರು ಇತ್ತು, ಬೆನ್ನಿಗೆ ಗೊತ್ತಿರುವ ಮೇಷ್ಟ್ರು ಇದ್ದ, ಸೀಟು ಕೊಡುವಷ್ಟು ಮಾರ್ಕ್ಸೂ ಇತ್ತು. ನಿಮ್ಮ ತಮ್ಮನ ಬಳಿ ಈ ಮೂರರಲ್ಲಿ ಎಷ್ಟಿದೆ? ಅದನ್ನು ಕೇಳಿ. ಬೈಯಬೇಡಿ, ಕೇಳಿ.

18ನೇ ವಯಸ್ಸಿಗೇ, 1998ರ ಏಪ್ರಿಲ್‌ನಲ್ಲಿ, ಇಂಗ್ಲೆಂಡ್‌ಗೆ ಆಡಿದ. ಎರಡು ತಿಂಗಳ ನಂತರ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ಎದುರು ಇಂಗ್ಲೆಂಡ್ ಸೋತಿದ್ದು 76–0. ಸೊನ್ನೆ ಗಮನಿಸಿ. ಆ ದಿನ ಒದೆಯುವವನಾಗಿ ಮೈದಾನದಲ್ಲಿದ್ದದ್ದು ಇವನೇ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ 2003ರ ಆ ಒದೆತ ನೋಡಿದೆ. ಚೆನ್ನಾಗಿದೆ, ಆದರೆ ಪ್ರಪಂಚವೇ ಕುಣಿಯುವಂಥದ್ದು ಅದರಲ್ಲಿ ಏನಿದೆ? — ಓದುಗರೊಬ್ಬರು, ಬಳ್ಳಾರಿ

ಒದೆತ ಮಾತ್ರ ನೋಡಿದರೆ ಏನೂ ಇಲ್ಲ ಸ್ವಾಮಿ. ಅದಕ್ಕಿಂತ ಚಂದದ ಡ್ರಾಪ್ ಗೋಲ್‌ಗಳು ಬೇಕಾದಷ್ಟಿವೆ. ವಿಡಿಯೋವನ್ನು ಒಂದು ನಿಮಿಷ ಹಿಂದಕ್ಕೆ ತಳ್ಳಿ, ಅಲ್ಲಿಂದ ನೋಡಿ.

2003ರ ನವೆಂಬರ್ 22, ಸಿಡ್ನಿ. ವಿಶ್ವಕಪ್ ಫೈನಲ್, ಎದುರಿಗೆ ಆಸ್ಟ್ರೇಲಿಯಾ, ಅವರದೇ ಊರು. 80 ನಿಮಿಷ ಮುಗಿದಾಗ 14–14. ಹೆಚ್ಚುವರಿ 20 ನಿಮಿಷದ ಕೊನೆಗೂ 17–17. ಎಲ್ಲರ ಕಾಲೂ ಸೋತಿವೆ. ಇಂಗ್ಲೆಂಡ್‌ಗೆ ಒಂದು ಲೈನ್‌ಔಟ್ ಸಿಗುತ್ತದೆ. ಗೆರೆಯ ಆಚೆಯಿಂದ ಚೆಂಡು ಎಸೆಯಬೇಕು, ಎರಡೂ ತಂಡ ಸಾಲಾಗಿ ನಿಂತು ಹಾರಿ ಹಿಡಿಯಬೇಕು. ಎಸೆದವನು ಸ್ಟೀವ್ ಥಾಂಪ್ಸನ್. ಹತ್ತಿರದವನಿಗೆ ಎಸೆದರೆ ಸುರಕ್ಷಿತ. ಅವನು ಎಸೆದದ್ದು ಸಾಲಿನ ತುದಿಯಲ್ಲಿದ್ದ ಲೂಯಿಸ್ ಮೂಡಿಗೆ. ಸ್ವಲ್ಪ ತಪ್ಪಿದ್ದರೆ ಕತೆ ಮುಗಿದಿತ್ತು.

ಮೂಡಿ ಹಿಡಿದ. ಚೆಂಡು ಕೈಯಿಂದ ಕೈಗೆ ಬಂತು. ಮ್ಯಾಟ್ ಡಾಸನ್ ಸಂದಿ ನೋಡಿ ನುಗ್ಗಿದ, ಬಿದ್ದ, ಮೇಲೆ ಹತ್ತಾರು ಮೈಗಳ ರಾಶಿ. ಈಗ ತೊಂದರೆ. ವಿಲ್ಕಿನ್ಸನ್‌ಗೆ ಚೆಂಡು ಕೊಡಬೇಕಾದವನೇ ರಾಶಿಯ ಅಡಿಯಲ್ಲಿದ್ದಾನೆ. ಇಲ್ಲಿ ನಾಯಕ ಮಾರ್ಟಿನ್ ಜಾನ್ಸನ್ ಏನು ಮಾಡಿದ ನೋಡಿ. ಚೆಂಡು ಹಿಡಿದು ಎದುರಾಳಿಗಳ ಗೋಡೆಗೆ ಹಾಗೇ ನುಗ್ಗಿದ. ಮುಂದಕ್ಕೆ ಹೋಗಲೆಂದಲ್ಲ, ಡಾಸನ್ ಎದ್ದು ಬರಲು ನಾಲ್ಕು ಸೆಕೆಂಡ್ ಸಿಗಲಿ ಎಂದು. ಡಾಸನ್ ಎದ್ದ, ಚೆಂಡು ತೆಗೆದು ಹಿಂದಕ್ಕೆ ಎಸೆದ.

ವಿಲ್ಕಿನ್ಸನ್ ಎಡಗಾಲಿನವನು. ಆದರೆ ಚೆಂಡು ಬಂದ ಕಡೆ ಎಡಗಾಲು ತಿರುಗಿಸಿಕೊಳ್ಳಲು ಪುರುಸೊತ್ತಿಲ್ಲ. ಬಲಗಾಲಲ್ಲಿ ಒದ್ದ. ಅದೇ ಪಂದ್ಯದಲ್ಲಿ ಮುಂಚೆ ಪ್ರಯತ್ನಿಸಿದ ಡ್ರಾಪ್ ಗೋಲ್‌ಗಳು ಆಚೀಚೆ ಹೋಗಿದ್ದವು. ಇದು ನಡುವೆ ಹೋಯಿತು. 20–17. ಉಳಿದಿದ್ದು 26 ಸೆಕೆಂಡ್. ಉತ್ತರ ಗೋಳದ ದೇಶವೊಂದು ಪುರುಷರ ರಗ್ಬಿ ವಿಶ್ವಕಪ್ ಗೆದ್ದದ್ದು ಅದೇ ಮೊದಲು.

ನನ್ನನ್ನು ಕೇಳಿದರೆ ಅದು ವಿಲ್ಕಿನ್ಸನ್‌ನ ಒದೆತಕ್ಕಿಂತ ಜಾಸ್ತಿ ಜಾನ್ಸನ್‌ನ ನುಗ್ಗಾಟ, ಥಾಂಪ್ಸನ್‌ನ ಎಸೆತ. ಫೋಟೋ ಮಾತ್ರ ಒಬ್ಬನದು.

ಪ್ರಶ್ನೆ: ಸಾರ್, ನಾನು 9ನೇ ಕ್ಲಾಸ್. ಫುಟ್‌ಬಾಲ್ ಆಡ್ತೀನಿ. ಫ್ರೀ ಕಿಕ್ ಗುರಿ ತಪ್ಪುತ್ತೆ. ವಿಲ್ಕಿನ್ಸನ್ ಹೇಗೆ ಅಭ್ಯಾಸ ಮಾಡ್ತಿದ್ದ? — ಒಬ್ಬ ವಿದ್ಯಾರ್ಥಿ, ಶಿವಮೊಗ್ಗ

ಕೇಳು ಮರಿ. ಅವನಿಗೆ ಡೇವ್ ಆಲ್ರೆಡ್ ಎಂಬ ಒದೆತದ ಕೋಚ್ ಇದ್ದ. ಇಬ್ಬರೂ ಸೇರಿ ಒಂದು ಉಪಾಯ ಮಾಡಿದ್ದರು. ಕಂಬಗಳ ಹಿಂದಿನ ಗ್ಯಾಲರಿಯಲ್ಲಿ ಡೋರಿಸ್ ಎಂಬ ಹೆಂಗಸು ಕೂತಿದ್ದಾಳೆ ಎಂದು ಕಲ್ಪಿಸಿಕೊಳ್ಳುವುದು. ಅವಳ ಕೈಯಲ್ಲಿ ಕೋಲಾ ಡಬ್ಬಿ. ಚೆಂಡು ಹೋಗಿ ಆ ಡಬ್ಬಿಗೆ ಬಡಿಯಬೇಕು. ಎರಡು ಕಂಬಗಳ ನಡುವಿನ ಅಗಲ 5.6 ಮೀಟರ್. ಅಷ್ಟು ಅಗಲಕ್ಕೆ ಗುರಿ ಇಟ್ಟರೆ ತಪ್ಪಿದ್ದು ಹೊರಗೆ ಹೋಗುತ್ತದೆ. ಡಬ್ಬಿಗೆ ಗುರಿ ಇಟ್ಟರೆ, ತಪ್ಪಿದರೂ ಕಂಬದೊಳಗೇ ಇರುತ್ತದೆ. ನೀನೂ ಗೋಲ್ ಪೋಸ್ಟ್ ನೋಡಬೇಡ. ನೆಟ್‌ನ ಒಂದು ಗಂಟು ನೋಡು.

ಇನ್ನೊಂದು. ಒದೆಯುವ ಮುಂಚೆ ಎರಡೂ ಕೈ ಬೆಸೆದು ಹೊಟ್ಟೆ ಮುಂದೆ ಹಿಡಿದು, ಸ್ವಲ್ಪ ಕೂತ ಹಾಗೆ ಬಗ್ಗಿ ನಿಲ್ಲುತ್ತಿದ್ದ. ಇಂಗ್ಲೆಂಡ್‌ನ ಹುಡುಗರೆಲ್ಲ ಅದನ್ನೇ ಕಾಪಿ ಹೊಡೆದರು. ಗದ್ದಲ ಮರೆತು ಗಮನ ಒಂದು ಕಡೆ ತರಲು ಅವನು ಮಾಡಿಕೊಂಡ ರೂಢಿ ಅದು. ನಿನಗೆ ಬೇಕಾಗಿಲ್ಲ. ಆದರೆ ಪ್ರತಿ ಸಲ ಅದೇ ಹೆಜ್ಜೆ, ಅದೇ ಉಸಿರು, ಅಷ್ಟು ಇರಲಿ. ಮತ್ತೆ, ಬರದ ಕಾಲಲ್ಲೂ ಒದಿ. ಯಾಕೆ ಅಂತ ಮೇಲಿನ ಬಳ್ಳಾರಿಯವರ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಕುಂಬ್ಳೆ ಒಡೆದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬೌಲಿಂಗ್ ಮಾಡಿದ್ದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ವಿಲ್ಕಿನ್ಸನ್ ಕೂಡ ಹಾಗೆ ನೋವಿನಲ್ಲಿ ಆಡಿದ್ದಾನಾ? — ನರ್ಸ್ ಒಬ್ಬರು, ಹುಬ್ಬಳ್ಳಿ

ಕುಂಬ್ಳೆಯದು 2002, ಆಂಟಿಗಾ. ಲಾರಾನನ್ನೇ ಔಟ್ ಮಾಡಿದ, ಆಮೇಲೆ ಆಪರೇಷನ್‌ಗೆ ಬೆಂಗಳೂರಿಗೆ ಹಾರಿದ. ಅದು ಒಂದು ದಿನದ ಧೈರ್ಯ, ಎಲ್ಲರಿಗೂ ಕಂಡಿತು. ವಿಲ್ಕಿನ್ಸನ್‌ನದು ಯಾರಿಗೂ ಕಾಣದ ಥರದ್ದು.

ವಿಶ್ವಕಪ್ ಗೆದ್ದಾಗ ಅವನಿಗೆ 24. ಆಮೇಲೆ ಇಂಗ್ಲೆಂಡ್ ಅಂಗಿ ಹಾಕಲು 1169 ದಿನ ಕಾದ. ಮೊದಲು ಕುತ್ತಿಗೆ ಆಪರೇಷನ್. ಫ್ಲೈ ಹಾಫ್‌ಗಳು ಸಾಮಾನ್ಯವಾಗಿ ಟ್ಯಾಕಲ್ ಮಾಡುವುದನ್ನು, ಅಂದರೆ ಚೆಂಡು ಹಿಡಿದು ಬರುವವನನ್ನು ಅವುಚಿ ಕೆಡಹುವುದನ್ನು, ದಪ್ಪನೆಯವರಿಗೆ ಬಿಡುತ್ತಾರೆ. ಇವನು ಬಿಡುತ್ತಿರಲಿಲ್ಲ, ತನಗಿಂತ ಇಪ್ಪತ್ತು ಕೆಜಿ ಜಾಸ್ತಿ ಇರುವವನ ಎದೆಗೇ ಹೋಗಿ ಗುದ್ದುತ್ತಿದ್ದ. ಕುತ್ತಿಗೆ, ಭುಜದ ನರಗಳು ಅದಕ್ಕೆ ಬೆಲೆ ಕೊಟ್ಟವು. ಆಮೇಲೆ ತೋಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಮಂಡಿಯ ಲಿಗಮೆಂಟ್. ಅಪೆಂಡಿಕ್ಸ್. ತೊಡೆಸಂದಿ. 2006ರ ಕೊನೆಗೆ ಮೂತ್ರಪಿಂಡಕ್ಕೇ ಏಟು. ಒಂದು ವಾಸಿಯಾಗಿ ಎರಡು ಪಂದ್ಯ ಆಡುವುದರೊಳಗೆ ಇನ್ನೊಂದು. ನಿಮ್ಮ ವಾರ್ಡಿನಲ್ಲಿ ಇಂಥವರನ್ನು ನೋಡಿರುತ್ತೀರಿ. ಒಂದು ದೊಡ್ಡ ಕಾಯಿಲೆಗಿಂತ, ಡಿಸ್ಚಾರ್ಜ್ ಆದ ವಾರಕ್ಕೇ ಮತ್ತೆ ಸೇರುವುದು ಜನರನ್ನು ಜಾಸ್ತಿ ಕುಗ್ಗಿಸುತ್ತದೆ.

2007ರ ಫೆಬ್ರವರಿ 3ರಂದು ವಾಪಸ್ ಬಂದ. ಸ್ಕಾಟ್ಲೆಂಡ್ ಎದುರು, ಲಂಡನ್ನಿನ ಟ್ವಿಕನಮ್‌ನಲ್ಲಿ. ಆ ದಿನ ಒಬ್ಬನೇ 27 ಅಂಕ ತೆಗೆದ: ಒಂದು ಟ್ರೈ, ಎರಡು ಕನ್ವರ್ಷನ್, ಐದು ಪೆನಾಲ್ಟಿ, ಒಂದು ಡ್ರಾಪ್ ಗೋಲ್. ಟ್ರೈ ಮಾಡುವಾಗ ಕಾಲು ಪಕ್ಕದ ಗೆರೆಗೆ ತಾಗಿತ್ತು ಬಿಡಿ, ಟಿವಿ ನೋಡಿ ತೀರ್ಪು ಕೊಟ್ಟವರು ದೊಡ್ಡ ಮನಸ್ಸು ಮಾಡಿದರು.

ಆ ಪಂದ್ಯದ ಟ್ರೋಫಿ ಯಾವುದು ಗೊತ್ತೇ? ಕಲ್ಕತ್ತಾ ಕಪ್. 1870ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಕಟ್ಟಿದ್ದರು. ಸೆಕೆಗೆ ಆಟ ನಡೆಯಲಿಲ್ಲ, ಬಿಟ್ಟಿ ಹೆಂಡ ನಿಂತ ಮೇಲೆ ಸದಸ್ಯರೂ ಕರಗಿದರು. ಕ್ಲಬ್ ಮುಚ್ಚಿ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಕಪ್ ಮಾಡಿಸಿ ಇಂಗ್ಲೆಂಡ್‌ಗೆ ಕೊಟ್ಟರು. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್–ಸ್ಕಾಟ್ಲೆಂಡ್ ಅದಕ್ಕಾಗಿ ಬಡಿದಾಡುತ್ತಿವೆ.

ಪ್ರಶ್ನೆ: ನನ್ನ ಮಗಳಿಗೆ 13. ಈಜುತ್ತಾಳೆ. ಕೋಚ್ ಸಾಕು ಎಂದರೂ ನೀರಿನಿಂದ ಏಳುವುದಿಲ್ಲ. ಟೈಮಿಂಗ್ ಅರ್ಧ ಸೆಕೆಂಡ್ ಜಾರಿದರೆ ರಾತ್ರಿ ಊಟ ಮಾಡುವುದಿಲ್ಲ. ಎಲ್ಲರೂ "ಅದೇ ಚಾಂಪಿಯನ್ ಲಕ್ಷಣ" ಅಂತಾರೆ. ವಿಲ್ಕಿನ್ಸನ್ ಹೀಗೇ ಇದ್ದನಂತೆ, ಹೌದಾ? — ಒಬ್ಬ ತಾಯಿ, ಮಂಗಳೂರು

ಹೌದು ಅಮ್ಮ, ಹೀಗೇ ಇದ್ದ. ಅದಕ್ಕೇ ನಿಮಗೆ ಉದ್ದ ಬರೆಯುತ್ತೇನೆ.

ಚಿಕ್ಕ ಮಕ್ಕಳ ಪಂದ್ಯಕ್ಕೆ ಕಾರಿನಲ್ಲಿ ಹೋಗುವಾಗಲೇ ತಪ್ಪು ಮಾಡಿಬಿಡುತ್ತೇನೆ ಎಂಬ ಭಯಕ್ಕೆ ಅವನಿಗೆ ವಾಂತಿ ಬರುತ್ತಿತ್ತು. ದೊಡ್ಡವನಾದ ಮೇಲೆ ಆ ಭಯಕ್ಕೆ ಮದ್ದು ಎಂದು ಅಭ್ಯಾಸ ಹಿಡಿದ. ಸಾಲಾಗಿ ಇಷ್ಟು ಒದೆತ ಮನಸ್ಸಿಗೆ ಒಪ್ಪುವವರೆಗೆ ಮನೆಗೆ ಹೋಗುವ ಹಾಗಿಲ್ಲ. ಕೊನೆಯದು ಚೂರು ಸೊಟ್ಟ ಹೋಯಿತೋ, ಮತ್ತೆ ಮೊದಲಿಂದ. ಎಲ್ಲರೂ ಮನೆಗೆ ಹೋದ ಮೇಲೆ ಮಳೆಯಲ್ಲಿ, ಕತ್ತಲಲ್ಲಿ ಒಬ್ಬನೇ ಒದೆಯುತ್ತಿದ್ದ. ಪತ್ರಿಕೆಗಳು ಇದನ್ನೇ ಹೊಗಳಿದವು. ಕೋಚ್‌ಗಳು ಬೇರೆ ಹುಡುಗರಿಗೆ ಇವನನ್ನು ತೋರಿಸಿ ಬೈದರು.

ವಿಶ್ವಕಪ್ ಗೆದ್ದ ಮೇಲೆ ಏನಾಯಿತು ಎಂದು ಅವನೇ ಎಷ್ಟೋ ಸಲ ಬಿಚ್ಚಿ ಹೇಳಿದ್ದಾನೆ. ಚಿಕ್ಕಂದಿನಿಂದ ಕಂಡ ಕನಸು ಕೈಗೆ ಬಂತು, ಸಂತೋಷ ಮಾತ್ರ ನಿಲ್ಲಲಿಲ್ಲ. ಒಳಗೆಲ್ಲ ಖಾಲಿ. ಮೇಲಿಂದ ಗಾಯಗಳು ಬಂದವು, ಒದೆಯಲೂ ಆಗದೆ ಕೂತ. ಭಯ ಮುಚ್ಚಿಡಲು ಇದ್ದ ಒಂದೇ ಕೆಲಸವೂ ಹೋಯಿತು. ಆತಂಕ, ಖಿನ್ನತೆ ಎರಡನ್ನೂ ಅನುಭವಿಸಿದೆ ಎಂದು ಬಾಯಿಬಿಟ್ಟು ಹೇಳಿದ. ಬೌದ್ಧ ಧರ್ಮ ಓದಿದ, ಕ್ವಾಂಟಂ ಭೌತಶಾಸ್ತ್ರ ಓದಿದ, ಎಲ್ಲೆಲ್ಲೋ ಹುಡುಕಿದ.

ನಾನು ಕಬಡ್ಡಿ, ವಾಲಿಬಾಲ್ ಕಲಿಸಿದ ಪಿ.ಟಿ. ಮೇಷ್ಟ್ರು. ಮೈದಾನ ಬಿಟ್ಟು ಹೋಗದ ಮಕ್ಕಳಲ್ಲಿ ಎರಡು ಜಾತಿ. ಒಂದಕ್ಕೆ ಆಟ ಸಾಲದು. ಇನ್ನೊಂದಕ್ಕೆ ನಿಲ್ಲಿಸಲು ಹೆದರಿಕೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಊಟದ ತಟ್ಟೆ ಮುಂದೆ ಕೂತಾಗ ಗೊತ್ತಾಗುತ್ತದೆ. ನಿಮ್ಮ ಮಗಳು ಊಟ ಬಿಡುತ್ತಾಳೆ ಎಂದು ಬರೆದಿದ್ದೀರಿ. ಅದು ಚಾಂಪಿಯನ್ ಲಕ್ಷಣ ಅಲ್ಲ.

ಕೋಚ್ ಜೊತೆ ಮಾತಾಡಿ ಗಂಟೆ ಗೊತ್ತು ಮಾಡಿ. ಕೊನೆಯ ಸುತ್ತು ಚೆನ್ನಾಗಿರಲಿ, ಕೆಟ್ಟದಾಗಿರಲಿ, ಗಂಟೆ ಆಯಿತೆಂದರೆ ಮೇಲೆ ಬರಬೇಕು. ವಾರಕ್ಕೆ ಒಂದು ದಿನ ವಾಚ್ ಇಲ್ಲದೆ ಈಜಲಿ. ಮನೆಯಲ್ಲಿ ಮೊದಲ ಪ್ರಶ್ನೆ ಟೈಮಿಂಗ್ ಎಷ್ಟು ಅಂತ ಇರದಿರಲಿ. ಊಟ, ನಿದ್ದೆ ಕೆಡುವುದು ಹೀಗೇ ಮುಂದುವರಿದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಪ್ರಶ್ನೆ: ಇಷ್ಟು ಗುದ್ದಾಡುವ ಆಟಕ್ಕೆ ಹೆಲ್ಮೆಟ್ ಯಾಕಿಲ್ಲ? — ಓದುಗರೊಬ್ಬರು, ರಾಯಚೂರು

ಕೆಲವರು ಮೆತ್ತನೆಯ ಟೋಪಿ ಹಾಕುತ್ತಾರೆ. ಅದು ಕಿವಿ, ಚರ್ಮ ಕಾಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯಲಾರದು. ಗಟ್ಟಿ ಹೆಲ್ಮೆಟ್ ಕೊಟ್ಟರೆ ಅದನ್ನೇ ಆಯುಧ ಮಾಡಿಕೊಂಡು ಇನ್ನೂ ಜೋರಾಗಿ ಗುದ್ದುತ್ತಾರೆ.

ಸಿಡ್ನಿಯ ಆ ಕೊನೆಯ ಲೈನ್‌ಔಟ್ ಎಸೆದ ಸ್ಟೀವ್ ಥಾಂಪ್ಸನ್ ಬಗ್ಗೆ ಮೇಲೆ ಬರೆದೆ. 2020ರ ಡಿಸೆಂಬರ್‌ನಲ್ಲಿ, ಇನ್ನೂ 42 ವಯಸ್ಸಿಗೆ, ತನಗೆ ಡಿಮೆನ್ಷಿಯಾ ಶುರುವಾಗಿದೆ ಎಂದು ಅವನೇ ಹೇಳಿಕೊಂಡ. ವಿಶ್ವಕಪ್ ಗೆದ್ದಿದ್ದು ಅವನಿಗೆ ನೆನಪಿಲ್ಲ. ವಿಡಿಯೋದಲ್ಲಿ ತನ್ನನ್ನೇ ನೋಡಿದರೂ ಅಲ್ಲಿದ್ದೆ ಅನಿಸುವುದಿಲ್ಲ. ಆಟ ನಡೆಸುವ ಸಂಸ್ಥೆಗಳ ಮೇಲೆ ಮಾಜಿ ಆಟಗಾರರು ಹೂಡಿದ ಮೊಕದ್ದಮೆಯಲ್ಲಿ ಅವನೂ ಸೇರಿದ. ಆಮೇಲೆ ನಿಯಮಗಳು ಬಿಗಿಯಾಗಿವೆ. 2023ರಿಂದ ಇಂಗ್ಲೆಂಡ್‌ನ ಸ್ಥಳೀಯ ಮಟ್ಟದ ಆಟದಲ್ಲಿ ಎದೆಯ ಕೆಳಗೇ ಟ್ಯಾಕಲ್ ಮಾಡಬೇಕು. ಸಾಕೇ ಎಂದು ಕೇಳಿದರೆ, ಸಾಲದು ಎನ್ನುವವನು ನಾನು.

ಪ್ರಶ್ನೆ: ನಾನು ಇಂಗ್ಲೆಂಡ್‌ನ ರೆಡಿಂಗ್‌ನಲ್ಲಿರುವ ಕನ್ನಡಿಗ. ಇಲ್ಲಿ ಟಿವಿಯಲ್ಲಿ ವಿಲ್ಕಿನ್ಸನ್ ತುಂಬ ಶಾಂತವಾಗಿ ಮಾತಾಡುವುದನ್ನು ನೋಡುತ್ತೇನೆ. ಅಷ್ಟೆಲ್ಲ ಆದ ಮೇಲೆ ಆಟ ಹೇಗೆ ಮುಗಿಸಿದ?

ಚೆನ್ನಾಗಿ ಮುಗಿಸಿದ. 2007ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ದಕ್ಷಿಣ ಆಫ್ರಿಕಾಕ್ಕೆ 15–6ರಲ್ಲಿ ಸೋತಿತು. ಆ ಆರೂ ಇವನವೇ. 2009ರಲ್ಲಿ ನ್ಯೂಕ್ಯಾಸಲ್ ಬಿಟ್ಟು ಫ್ರಾನ್ಸ್‌ನ ಟೂಲಾನ್‌ಗೆ ಹೋದ. ಸಮುದ್ರದ ದಡದ ಊರು, ಕಾಮಿಕ್ಸ್ ಪುಸ್ತಕ ಮಾರಿ ದುಡ್ಡು ಮಾಡಿದ ಮಾಲೀಕ, ಬಂದರಿನ ಪಕ್ಕದಲ್ಲೇ ಮೈದಾನ. ಬಿಸಿಲು ಅವನಿಗೆ ಒಗ್ಗಿತು. ಫ್ರೆಂಚ್ ಕಲಿತ. ಅಭ್ಯಾಸದ ಹುಚ್ಚು ಪೂರ್ತಿ ಬಿಡಲಿಲ್ಲ, ಆದರೆ ಗಾಯ ಕಡಿಮೆಯಾದವು. 2011ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ತಂಡಕ್ಕೆ ವಿದಾಯ ಹೇಳಿ, ಕ್ಲಬ್‌ಗೆ ಮಾತ್ರ ಆಡಿದ.

2013ರಲ್ಲಿ ಟೂಲಾನ್ ಯುರೋಪಿನ ಕಪ್ ಗೆದ್ದಿತು, ಒಂದೇ ಅಂಕದಿಂದ, 16–15. ಮರುವರ್ಷ ಮೇ 24ರಂದು ಕಾರ್ಡಿಫ್‌ನಲ್ಲಿ ಮತ್ತೆ ಅದೇ ಕಪ್. ಮಾರನೇ ದಿನ ಅವನಿಗೆ 35 ತುಂಬಿತು. ಮೇ 31ಕ್ಕೆ ಪ್ಯಾರಿಸ್‌ನಲ್ಲಿ ಫ್ರೆಂಚ್ ಲೀಗ್‌ನ ಫೈನಲ್, ಅದನ್ನೂ ಗೆದ್ದರು. ಅದೇ ಕೊನೆಯ ಪಂದ್ಯ. ಒಂದೇ ವಾರದಲ್ಲಿ ಎರಡು ಕಪ್ ಎತ್ತಿ ಮನೆಗೆ ಹೋಗುವ ಯೋಗ ಎಷ್ಟು ಜನಕ್ಕಿದೆ ಹೇಳಿ.

ಈಗ ನೀವು ನೋಡುವ ಹಾಗೆ ಟಿವಿಯಲ್ಲಿ ವಿಶ್ಲೇಷಣೆ, ನಡುನಡುವೆ ಒದೆಯುವವರಿಗೆ ಪಾಠ. ಕೊಂಬುಚಾ ಎಂಬ ಹುಳಿಸಿದ ಚಹಾದ ವ್ಯಾಪಾರವನ್ನೂ ಶುರು ಮಾಡಿದ. ಕುಡಿದು ನೋಡಿದ್ದರೆ ರುಚಿ ಹೇಗಿದೆ ಬರೆಯಿರಿ.

ಪ್ರಶ್ನೆ: ಇದನ್ನೆಲ್ಲ ಕರ್ನಾಟಕದಲ್ಲಿ ನೋಡುವುದು ಎಲ್ಲಿ? — ಓದುಗರೊಬ್ಬರು, ಮೈಸೂರು

15 ಜನರ ಆಟ ಬೆಂಗಳೂರಿನ ಕ್ಲಬ್‌ಗಳಲ್ಲಿ ಸ್ವಲ್ಪ ಇದೆ. ನಮ್ಮಲ್ಲಿ ಬೆಳೆಯುತ್ತಿರುವುದು 7 ಜನರ ಆಟ. ಒಂದು ಅರ್ಧಕ್ಕೆ 7 ನಿಮಿಷ, ಒಲಿಂಪಿಕ್ಸ್‌ನಲ್ಲಿ ಇರುವುದೂ ಅದೇ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡವೂ ಇತ್ತು. ಕಬಡ್ಡಿ ಆಡುವ ಹುಡುಗ ಹುಡುಗಿಯರಿಗೆ ಟ್ಯಾಕಲ್ ಬೇಗ ಕೈಗೆ ಹತ್ತುತ್ತದೆ. ಹಳ್ಳಿ ಶಾಲೆಗಳ ಪಿ.ಟಿ. ಮೇಷ್ಟ್ರುಗಳು ಒಂದು ಮೊಟ್ಟೆಯಾಕಾರದ ಚೆಂಡು ತರಿಸಿ ನೋಡಿ.

ಪ್ರಶ್ನೆ: ವಿಲ್ಕಿನ್ಸನ್, ನ್ಯೂಜಿಲೆಂಡ್‌ನ ಡ್ಯಾನ್ ಕಾರ್ಟರ್, ಇಬ್ಬರಲ್ಲಿ ಯಾರು ಮೇಲು? ಜಾರಿಕೊಳ್ಳಬೇಡಿ. — ಓದುಗರೊಬ್ಬರು, ಕೊಡಗು

ಕಾರ್ಟರ್. 1598 ಅಂಕ, ಓಟವೂ ಇವನಿಗಿಂತ ಚಂದ. ಆದರೆ ಟ್ಯಾಕಲ್‌ಗೆ ನನ್ನ ವೋಟು ವಿಲ್ಕಿನ್ಸನ್‌ಗೆ. ಮುಂದಿನ ತಿಂಗಳು ಹಾಕಿ. ಪ್ರಶ್ನೆಗಳನ್ನು ಪೋಸ್ಟ್‌ಕಾರ್ಡ್‌ನಲ್ಲೇ ಬರೆಯಿರಿ, ಅಕ್ಷರ ಸ್ವಲ್ಪ ದಪ್ಪ ಇರಲಿ.